ಓಲೆಯ ಮೇಲಣ ಹೊಯ್ಸಳ ಚಿತ್ರ

ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದು ಬೇಲೂರು ಹಳೇಬೀಡುಗಳನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಕಲ್ಲಿನ ಕೆಲಸವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡುತ್ತಾರೆ. ಅದು ಸಹಜವೇ ಆಗಿದೆ. ಅರಸೀಕೆರೆಯಲ್ಲಿಯೇ 1220ನೆಯ ಇಸವಿಯ ಶಿವಾಲಯವುಂಟು. ಅದೇ ಕಾಲದಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವುಂಟು. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಿರುವುದನ್ನು ನಾವು ಹೇಳಬೇಕಾಗಿಯೇ ಇಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವೂ ಈ ದಾರಿಯಲ್ಲಿ ಹೋಗಿದ್ದೆವು. ಬೇಲೂರಿನ ಜಗತಿಯ ಮೇಲೆ ನಿಂತು, ಕನ್ನಡಿ ಹಿಡಿದ ಮದನಿಕೆಯನ್ನು ತೋರಿಸಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿಯೇ ಬಿಟ್ಟು ಹೋಗಿರುವುದನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗನು, "ಸಾರ್, ಇಷ್ಟೆಲ್ಲ ಕೆತ್ತಿದ ಕಾಲದಲ್ಲಿ ಬಣ್ಣದಲ್ಲಿ ಬರೆಯುವವರು ಯಾರೂ ಇರಲಿಲ್ಲವೆ?" ಎಂದು ಕೇಳಿದನು. "ಇದ್ದಿರಬಹುದು, ಆದರೆ ಹೊಯ್ಸಳರ ಕಾಲದ ಚಿತ್ರವೊಂದೂ ಉಳಿದಿಲ್ಲ" ಎಂದು ನಾವು ಧೈರ್ಯವಾಗಿ ಉತ್ತರ ಕೊಟ್ಟೆವು. ಆ ಉತ್ತರವು ತಪ್ಪಾಗಿತ್ತು. ಅದನ್ನು ತಿದ್ದಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದುಂಟು. ಆ ದಿನಗಳಲ್ಲಿ ನಮ್ಮ ಓದುವ ಮೇಜಿನ ಮೇಲೆ ಒಂದು ಬಣ್ಣದ ಅಚ್ಚುಪಟವಿತ್ತು. ಅದು ಫ್ಲಾಂಡರ್ಸ್, ಎಂದರೆ ಈಗಿನ ಬೆಲ್ಜಿಯಂ ದೇಶದ ಕಡೆಯ ಒಂದು ಪ್ರಾರ್ಥನಾಪುಸ್ತಕದ ಪುಟ; 1477ರ ಸುಮಾರಿನದು; ಮೂಲವು ವಿಯೆನ್ನಾ ನಗರದಲ್ಲಿದೆ. ಬರ್ಗಂಡಿಯ ರಾಜಕುಮಾರಿ ಮೇರಿಯದೆಂದು ಹೇಳುವ ಆ ಪುಸ್ತಕದಲ್ಲಿ, ಕಿಟಕಿಯ ಬಳಿ ಕುಳಿತು ಪ್ರಾರ್ಥನಾಪುಸ್ತಕವನ್ನೇ ಓದುತ್ತಿರುವ ಒಬ್ಬ ಸ್ತ್ರೀಯ ಚಿತ್ರವಿದೆ. ಮಡಿಲಲ್ಲಿ ಪುಟ್ಟ ನಾಯಿ. ಪಕ್ಕದ ಗಾಜಿನ ಪಾತ್ರೆಯಲ್ಲಿ ಹೂಗಳು. ಕಿಟಕಿಯಾಚೆ ಎತ್ತರವಾದ ದೇವಾಲಯದೊಳಗೆ ಮಾತೆ ಮೇರಿಯೂ ಶಿಶುವೂ. ಅವರೆದುರಿಗೆ ಮಂಡಿಯೂರಿರುವ ಉಪಾಸಕಿ. ಅಂಗೈಯಗಲದ ಪುಟದಲ್ಲಿ ಇಷ್ಟನ್ನೂ ಅಡಗಿಸಿದ ಚಿತ್ರಕಾರನ ಹೆಸರು ಉಳಿಯದೆ ಹೋದದ್ದರಿಂದ, ವಿದ್ವಾಂಸರು ಅವನನ್ನು ಆ ರಾಜಕುಮಾರಿಯ ಹೆಸರಿನಿಂದಲೇ ಕರೆಯುತ್ತಾರೆ. ಇದೆಲ್ಲ ನಮಗೆ ಕಂಠಪಾಠವಾಗಿತ್ತು. ಅದಕ್ಕಿಂತ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ನಮ್ಮ ನಾಡಿನಲ್ಲಿಯೇ ಒಂದು ಧರ್ಮಗ್ರಂಥದ ಮೇಲೆ ಬರೆದ ಚಿತ್ರಗಳಿವೆಯೆಂಬುದು ಮಾತ್ರ ತಿಳಿದಿರಲಿಲ್ಲ. ಇಂಗ್ಲಿಷ್ ವಿದ್ಯಾಭ್ಯಾಸವನ್ನು ದೂರಿ ಪ್ರಯೋಜನವಿಲ್ಲ. ಹುಡುಕದೆ ಇದ್ದವರು ನಾವು.

ಆ ಚಿತ್ರಗಳ ಜಾಡು ಹಳೇಬೀಡಿನಿಂದಲೇ ಆರಂಭವಾಗುತ್ತದೆ. ಹೊಯ್ಸಳೇಶ್ವರನನ್ನು ನೋಡಿ ದಣಿದ ಯಾತ್ರಿಕರು ಬಸದಿಹಳ್ಳಿಗೆ ಹೋಗುವುದು ಕಡಿಮೆ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪಾಗಿವೆ. ಅದನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ; ತನ್ನ ತಂದೆಯಾದ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಗಂಗರಾಜನು ವಿಷ್ಣುವರ್ಧನನ ಮಹಾದಂಡನಾಯಕ, ತಲಕಾಡನ್ನು ಚೋಳರಿಂದ ಬಿಡಿಸಿದ ವೀರ. ಅವನ ಗುರು ಶುಭಚಂದ್ರ ಸಿದ್ಧಾಂತದೇವರು. ಈ ಶುಭಚಂದ್ರರು 1123ರಲ್ಲಿ ದೇಹವನ್ನು ಬಿಟ್ಟ ಸಂಗತಿಯನ್ನು ಶ್ರವಣಬೆಳಗೊಳದ ಶಾಸನವೊಂದು ತಿಳಿಸುತ್ತದೆ. ಇದೇ ಗುರುಗಳಿಗೆ ಒಬ್ಬ ಹೆಣ್ಣುಮಗಳು ಒಂದು ಗ್ರಂಥವನ್ನು ದಾನಮಾಡಿದಳು. ಆ ಗ್ರಂಥವು ಧವಲಾ.

ಧವಲಾ ಎಂಬುದು ಕಥೆಯಲ್ಲ, ಸ್ತೋತ್ರವೂ ಅಲ್ಲ. ಧರಸೇನಾಚಾರ್ಯರಿಂದ ಉಪದೇಶ ಪಡೆದ ಪುಷ್ಪದಂತ ಭೂತಬಲಿಗಳು ರಚಿಸಿದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಮಹಾವ್ಯಾಖ್ಯಾನ ಅದು. ಎಪ್ಪತ್ತೆರಡು ಸಾವಿರ ಗ್ರಂಥಗಳ ಪ್ರಮಾಣವುಳ್ಳದ್ದೆಂದು ಪ್ರಸಿದ್ಧಿ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ; ವಿಷಯ ಜೀವ, ಕರ್ಮ, ಬಂಧ ಇವುಗಳ ಅತಿ ಸೂಕ್ಷ್ಮವಾದ ವಿಚಾರ; ಲಿಪಿಯಾದರೋ ಹಳಗನ್ನಡದ್ದು. ಇದನ್ನು ಓಲೆಗೆ ಏರಿಸುವುದು ವರ್ಷಗಟ್ಟಲೆ ಹಿಡಿಯುವ ಕಾರ್ಯ, ಬಹುದ್ರವ್ಯದ ಕಾರ್ಯ. ಪ್ರತಿಯ ಕೊನೆಯಲ್ಲಿರುವ ಪ್ರಶಸ್ತಿಯ ಪ್ರಕಾರ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ತನ್ನ ಶ್ರುತಪಂಚಮೀವ್ರತದ ಉದ್ಯಾಪನೆಗಾಗಿ ಇದನ್ನು ಬರೆಯಿಸಿ ಶುಭಚಂದ್ರರಿಗೆ ಒಪ್ಪಿಸಿದಳು. ಶ್ರುತಪಂಚಮಿಯೆಂದರೆ ಜ್ಯೇಷ್ಠ ಶುದ್ಧ ಪಂಚಮಿ. ಬಾಯಿಂದ ಕಿವಿಗೆ ನಡೆದುಬಂದ ಆಗಮವು ಮೊದಲು ಬರೆವಣಿಗೆಗೆ ಇಳಿದು ಪೂಜೆಗೊಂಡ ದಿನವೆಂದು ಜೈನರು ಅಂದು ಗ್ರಂಥಗಳನ್ನು ಹೊರತೆಗೆದು ಅರ್ಚಿಸುತ್ತಾರೆ.

ಶ್ರವಣಬೆಳಗೊಳದಲ್ಲಿ ಶಕ 1042ರ, ಎಂದರೆ ಸುಮಾರು 1120ರ ಇನ್ನೊಂದು ಶಾಸನವಿದೆ. ಅದು ಚಾಮುಂಡನೆಂಬ ರಾಜಮಾನ್ಯ ವಣಿಜನ ಪತ್ನಿಯೂ ಗಂಗರಾಜನ ಹೆಂಡತಿ ಲಕ್ಕಲೆಯ ಅಕ್ಕತಂಗಿಯರಲ್ಲಿ ಒಬ್ಬಳೂ ಆದ ದೇಮತಿಯ ಮರಣಶಾಸನ. ಹಸಿದವರಿಗೆ ಅನ್ನ, ಅಂಜಿದವರಿಗೆ ಅಭಯ, ರೋಗಿಗಳಿಗೆ ಔಷಧ, ಅರಿಯಬಯಸಿದವರಿಗೆ ಶಾಸ್ತ್ರ ಎಂಬ ನಾಲ್ಕು ದಾನಗಳನ್ನೂ ಆಕೆ ಮಾಡಿದಳೆಂದು ಅದು ಹೊಗಳುತ್ತದೆ. ದೇಮಿಯಕ್ಕನೂ ಈ ದೇಮತಿಯೂ ಒಬ್ಬಳೇ ಎಂದು ಧವಲೆಯನ್ನು ಸಂಪಾದಿಸಿದ ಹೀರಾಲಾಲ್ ಜೈನರು ಊಹಿಸಿದ್ದಾರೆ. ಗುರುವೂ ಕಾಲವೂ ಹೊಂದುವುದರಿಂದ ನಮಗೂ ಆ ಊಹೆ ಒಪ್ಪಿಗೆಯಾಗಿದೆ. ಹಾಗಾದರೆ ನಾಲ್ಕನೆಯ ದಾನವು ಬರಿಯ ಹೊಗಳಿಕೆಯಲ್ಲ. ಅದು ನಮ್ಮ ಕಣ್ಣಿಗೆ ಬೀಳುವಂತೆ ಇಂದಿಗೂ ಉಳಿದುಕೊಂಡಿದೆ.

ಉಳಿದದ್ದು ಹೊಯ್ಸಳರ ರಾಜಧಾನಿಯಲ್ಲಲ್ಲ. ದೋರಸಮುದ್ರದ ಮೇಲೆ 1311ರಲ್ಲಿ ಮಲಿಕ್ ಕಾಫರನ ದಂಡು ಬಿದ್ದಿತು; ಮುಂದಿನ ದಾಳಿಗಳಲ್ಲಿ ಊರು ಪಾಳಾಗಿ ಹಳೆಯ ಬೀಡೆಂಬ ಹೆಸರನ್ನು ಹೊತ್ತಿತು. ಧವಲಾ, ಜಯಧವಲಾ, ಮಹಾಬಂಧ ಎಂಬ ಮೂರು ಗ್ರಂಥಗಳ ಓಲೆಪ್ರತಿಗಳು ಘಟ್ಟದ ಕೆಳಗೆ, ತುಳುನಾಡಿನ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಸುರಕ್ಷಿತವಾಗಿದ್ದವು. ಇವುಗಳಲ್ಲಿ ಕೆಲವು ಗರಿಗಳ ಮೇಲೆ ಚಿತ್ರಗಳಿವೆ. ಅವು 1113ರಿಂದ 1120ರವರೆಗಿನ ಕಾಲದವೆಂದು ವಿದ್ವಾಂಸರ ಎಣಿಕೆ. ಎಂದರೆ ಬೇಲೂರಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ವರ್ಷಗಳೇ.

ಶ್ರೀತಾಳದ ಗರಿ ಎರಡಡಿಗಿಂತ ಹೆಚ್ಚು ಉದ್ದ, ಆದರೆ ಅಗಲ ಮೂರು ಅಂಗುಲಕ್ಕೂ ಕಡಿಮೆ. ದಾರ ಹಾಯಿಸುವ ರಂಧ್ರಗಳಿಗೂ ಸಾಲುಸಾಲಾದ ಅಕ್ಷರಗಳಿಗೂ ಸ್ಥಳ ಬಿಟ್ಟು ಉಳಿದ ಚೌಕದಲ್ಲಿ ಚಿತ್ರಕಾರನು ತನ್ನ ದೇವತೆಗಳನ್ನು ಕೂರಿಸಬೇಕು. ಒಂದೆಡೆ ಹೆಡೆಯ ನೆರಳಿನಲ್ಲಿ ಪಾರ್ಶ್ವನಾಥ, ಒಂದೆಡೆ ಬಾಹುಬಲಿ, ಒಂದೆಡೆ ಮಾವಿನ ಮರದ ಕೆಳಗೆ ಮಕ್ಕಳೊಡನೆಯೂ ಸಿಂಹದೊಡನೆಯೂ ಇರುವ ಅಂಬಿಕೆ, ಒಂದೆಡೆ ಶ್ರುತದೇವಿ, ಮತ್ತೊಂದೆಡೆ ಕೈಮುಗಿದ ಶ್ರಾವಕ ಶ್ರಾವಕಿಯರ ಸಾಲು. ಕೆಂಪು, ಹಳದಿ, ನೀಲಿಗಳೇ ಮುಖ್ಯವಾದ ಬಣ್ಣಗಳು. ಕಪ್ಪು ಗೆರೆಯೇ ಪ್ರಾಣ. ಬೇಲೂರಿನ ಬಾಗಿಲುವಾಡಗಳಲ್ಲಿ ಸುತ್ತಿಕೊಂಡಿರುವ ಬಳ್ಳಿಯ ಬಂಧುಗಳೇ ಇಲ್ಲಿ ಅಂಚುಗಳಲ್ಲಿ ಹಬ್ಬಿವೆ. ಆದರೆ ಕಲ್ಲಿನಲ್ಲಿ ಒಡವೆಯ ಭಾರಕ್ಕೆ ಮೈ ಮರೆಯಾದಂತೆ ಕೆಲವೊಮ್ಮೆ ನಮಗೆ ತೋರುವುದುಂಟು. ಓಲೆಯ ಗೆರೆಯಲ್ಲಿ ಆ ಭಾರವಿಲ್ಲ. ಹೊಯ್ಸಳ ಶಿಲ್ಪವು ಅಲಂಕಾರದ ಅತಿರೇಕವೆಂದು ಟೀಕಿಸುವವರು ಈ ಗರಿಗಳನ್ನು ಕಂಡ ಮೇಲೆ ಮಾತಾಡಿದರೆ ಒಳ್ಳೆಯದು.

ಫ್ಲಾಂಡರ್ಸಿನ ಪುಟಕ್ಕೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಅಲ್ಲಿ ಚಿತ್ರವು ಪ್ರಾರ್ಥನೆಯ ಮಾತಿಗೆ ಜೊತೆಯಾಗುತ್ತದೆ. ಓದುವವಳೇ ಚಿತ್ರದೊಳಗೆ ಕುಳಿತಿದ್ದಾಳೆ. ದಿನದಿನವೂ ಕೈಯಲ್ಲಿ ಹಿಡಿಯಲೆಂದೇ ಆ ಪುಸ್ತಕ ಹುಟ್ಟಿತು. ಇಲ್ಲಿ ಕರ್ಮಸಿದ್ಧಾಂತದ ವಾಕ್ಯಕ್ಕೆ ಚಿತ್ರ ಬರೆಯುವುದಾದರೂ ಹೇಗೆ? ಆದುದರಿಂದ ಚಿತ್ರವು ವಾಕ್ಯದ ಅರ್ಥವನ್ನು ಹೇಳುವುದಿಲ್ಲ. ಗ್ರಂಥವನ್ನು ಕಾಯುತ್ತದೆ, ಪೂಜೆಗೆ ಯೋಗ್ಯವಾಗಿಸುತ್ತದೆ. ಬರೆಯಿಸಿದ ದೇಮಿಯಕ್ಕನು ಅದನ್ನು ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ಗುರುವಿನ ಕೈಗೆ ಕೊಟ್ಟುಬಿಟ್ಟಳು.

ಈ ಪೂಜ್ಯತೆಯೇ ಗ್ರಂಥವನ್ನು ಉಳಿಸಿತು, ಮುಚ್ಚಿಯೂ ಇಟ್ಟಿತು. ಶತಮಾನಗಳ ಕಾಲ ಯಾತ್ರಿಕರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ. 1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಸೊಲ್ಲಾಪುರದ ಹೀರಾಚಂದ ನೇಮಚಂದರೂ ಅವರೂ ಸೇರಿ ಪ್ರತಿಮಾಡಿಸುವ ಏರ್ಪಾಡು ಮಾಡಿದರು. 1896ರ ಸುಮಾರಿಗೆ ಆರಂಭವಾದ ಆ ಕೆಲಸವು ಮುಗಿಯುವುದಕ್ಕೆ 1922 ಆಯಿತು. ಹಾಗೆ ತೆಗೆದ ಪ್ರತಿಗಳೂ ಹೊರಗೆ ಹೋಗುವಂತಿರಲಿಲ್ಲ. ಆದರೆ ಬರೆಯಲು ಬಂದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಒಂದು ಕನ್ನಡ ಪ್ರತಿಯನ್ನು ಸಿದ್ಧಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿ ಲಿಪಿಯಲ್ಲಿ ಹಬ್ಬಿತು. ಅಮರಾವತಿಯಿಂದ ಹೀರಾಲಾಲ್ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಅಚ್ಚುಮಾಡಿದ್ದು ಇಂಥ ಪ್ರತಿಗಳ ಆಧಾರದಿಂದಲೇ. ಮೂಡುಬಿದಿರೆಯ ಮೂಲದೊಡನೆ ಹೋಲಿಸಿನೋಡುವ ಅವಕಾಶವು ಆಮೇಲೆ ದೊರೆಯಿತು. ಒಟ್ಟು ಹದಿನಾರು ಸಂಪುಟಗಳು ಹೊರಬಂದವು.

ಗುಟ್ಟಾಗಿ ಬರೆದದ್ದು ಸರಿಯೇ ತಪ್ಪೇ ಎಂದು ತೀರ್ಪು ಹೇಳುವ ಸ್ಥಾನದಲ್ಲಿ ನಾವಿಲ್ಲ. ಕಾವಲಿದ್ದವರ ಭಯವೂ ನಿಜವಾದದ್ದೇ. ಮನೆಯಿಂದ ಹೊರಟ ಎಷ್ಟು ಓಲೆಗಳು ಹಿಂದಿರುಗಿ ಬಂದಿವೆ? ಆದರೆ ಒಂದು ಮಾತು. ಲಕ್ಷ್ಮೀಬಾಯಿಯವರ ಪ್ರತಿಯಲ್ಲಿ ಅಕ್ಷರವು ಬಂದಿತೇ ಹೊರತು ಚಿತ್ರವು ಬರಲಿಲ್ಲ. ಅಕ್ಷರವನ್ನು ಯಾರಾದರೂ ಮತ್ತೆ ಬರೆದುಕೊಳ್ಳಬಹುದು. ಆ ಗೆರೆಯು ಆ ಗರಿಯ ಮೇಲೆ ಮಾತ್ರ ಇದೆ. ಗರಿ ಪುಡಿಯಾದರೆ ಮುಗಿಯಿತು.

ಆ ದಿನ ಬೇಲೂರಿನಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಕಾಗದ ಬರೆದಿದ್ದೇವೆ. ಹಳೇಬೀಡಿನವರೆಗೆ ಹೋದವರು ಅಲ್ಲಿಂದಲೇ ಹಿಂದಿರುಗದೆ, ಮೂಡಿಗೆರೆಯ ಮೇಲೆ ಚಾರ್ಮಾಡಿ ಘಟ್ಟವನ್ನಿಳಿದು, ಬೆಳ್ತಂಗಡಿ ವೇಣೂರುಗಳನ್ನು ದಾಟಿದರೆ ಮೂಡುಬಿದಿರೆ ಸಿಕ್ಕುತ್ತದೆ. ಮುಂದಿನ ಸಲ ವಿದ್ಯಾರ್ಥಿಗಳೊಡನೆ ಆ ದಾರಿಯಲ್ಲಿ ಹೋಗಬೇಕೆಂದಿದ್ದೇವೆ.