ಅಳೆಯುವ ನೆಲವೇ ಇಳಿದರೆ: ಉತ್ತರ ಅಲಾಸ್ಕದ ಹೆಪ್ಪುನೆಲ ಮತ್ತು ಉಪಗ್ರಹ ರೇಡಾರ್

ಸಾರಾಂಶ

ಪರ್ಮಾಫ್ರಾಸ್ಟ್ ಎಂದು ಹೆಸರಾದ ಹೆಪ್ಪುನೆಲ ಕರಗುತ್ತಿದೆಯೇ ಎಂದು ತಿಳಿಯಲು, ಬೇಸಿಗೆಯ ಕೊನೆಗೆ ನೆಲಕ್ಕೆ ಸಲಾಕೆ ಚುಚ್ಚಿ ಕರಗಿದ ಪದರದ ಆಳವನ್ನು ಅಳೆಯುವುದು ರೂಢಿ. ಮಂಜುಗಡ್ಡೆ ಹೇರಳವಾಗಿರುವ ನೆಲದಲ್ಲಿ ಈ ಅಳತೆಯೊಂದನ್ನೇ ನಂಬುವಂತಿಲ್ಲ; ಅಳತೆ ಶುರುವಾಗುವ ನೆಲಮಟ್ಟವೇ ಅಲ್ಲಿ ಇಳಿಯುತ್ತಿರುತ್ತದೆ. ಈ ಕೊರತೆಯನ್ನು ಉಪಗ್ರಹ ರೇಡಾರ್ ಎಷ್ಟರಮಟ್ಟಿಗೆ ತುಂಬುತ್ತದೆ, ಅದಕ್ಕೂ ನೆಲದ ಆಸರೆ ಏಕೆ ಬೇಕು ಎಂಬುದನ್ನು ಉತ್ತರ ಅಲಾಸ್ಕದ ಅಧ್ಯಯನಗಳ ಆಧಾರದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

1. ಕಾಣದ ವಸ್ತು

ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರುವ ನೆಲವೇ ಹೆಪ್ಪುನೆಲ. ಈ ವ್ಯಾಖ್ಯಾನದಲ್ಲಿ ಉಷ್ಣತೆಯಿದೆ, ಕಾಲವಿದೆ. ನೀರಿನ ಮಾತೇ ಇಲ್ಲ. ಹಾಗಾಗಿ ಒಣ ಬಂಡೆಯೂ ಹೆಪ್ಪುನೆಲವಾಗಬಲ್ಲದು. ಅರ್ಧಕ್ಕೂ ಹೆಚ್ಚು ಪಾಲು ಮಂಜುಗಡ್ಡೆಯೇ ತುಂಬಿರುವ ಸೈಬೀರಿಯದ ಯೆಡೋಮಾ ಮಣ್ಣೂ ಹೆಪ್ಪುನೆಲವೇ. ಬೆಚ್ಚಗಾದರೆ ಬಂಡೆ ಇದ್ದಲ್ಲೇ ಇರುತ್ತದೆ, ಯೆಡೋಮಾ ಕುಸಿಯುತ್ತದೆ.

ಉತ್ತರ ಗೋಳಾರ್ಧದಲ್ಲಿ ಹೆಪ್ಪುನೆಲದ ವಿಸ್ತಾರ ಸುಮಾರು 1.39 ಕೋಟಿ ಚದರ ಕಿಲೋಮೀಟರ್ ಎಂದು ಯಾರೋಸ್ಲಾವ್ ಓಬು ಮತ್ತು ಸಂಗಡಿಗರು 2019ರಲ್ಲಿ ಅಂದಾಜಿಸಿದರು. ಉತ್ತರದ ಹೆಪ್ಪುನೆಲ ಪ್ರದೇಶದ ಮಣ್ಣಿನಲ್ಲಿರುವ ಸಾವಯವ ಇಂಗಾಲ 1,460ರಿಂದ 1,600 ಶತಕೋಟಿ ಟನ್. ಇದು ಇಂದಿನ ವಾತಾವರಣದಲ್ಲಿರುವ ಇಂಗಾಲದ ಹತ್ತಿರ ಹತ್ತಿರ ಎರಡು ಪಟ್ಟು. ಕೊಳವೆಬಾವಿಗಳಲ್ಲಿ ಇಳಿಬಿಟ್ಟ ಉಷ್ಣಮಾಪಕಗಳ ಪ್ರಕಾರ 2007ರಿಂದ 2016ರ ನಡುವೆ ಜಗತ್ತಿನ ಹೆಪ್ಪುನೆಲ ಸರಾಸರಿ 0.29 ಡಿಗ್ರಿ ಬೆಚ್ಚಗಾಗಿದೆ.

ಇಷ್ಟು ವಿಸ್ತಾರಕ್ಕೆ ಕೊಳವೆಬಾವಿಗಳು ಸಾಲವು. ಉಪಗ್ರಹ ಬೇಕೇ ಬೇಕು. ಆದರೆ ಉಪಗ್ರಹದ ಉಷ್ಣಸಂವೇದಕಕ್ಕೆ ಸಿಗುವುದು ನೆಲದ ತೊಗಲಿನ ಬಿಸಿ ಮಾತ್ರ. ಆ ತೊಗಲಿಗೂ ಹೆಪ್ಪುನೆಲಕ್ಕೂ ನಡುವೆ ಹಿಮದ ಹೊದಿಕೆಯಿದೆ, ಹಾವಸೆಯಿದೆ, ಪ್ರತಿ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ಸಕ್ರಿಯ ಪದರವಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಪ್ರಕಟಿಸುವ ಹೆಪ್ಪುನೆಲದ ನಕ್ಷೆಗಳೂ ಈ ಮೇಲ್ಮೈ ಉಷ್ಣತೆಯನ್ನು ಗಣಿತಮಾದರಿಗೆ ಊಡಿಸಿ ಪಡೆದವು. ಅವು ಲೆಕ್ಕದ ಫಲ, ನೇರ ನೋಟವಲ್ಲ. ನೇರವಾಗಿ ಅಳೆಯಲು ಸಿಗುವ ಒಂದು ಕುರುಹೆಂದರೆ ನೆಲದ ಏರಿಳಿತ.

2. ಸಲಾಕೆಯ ಲೆಕ್ಕ

1990ರ ದಶಕದ ಆರಂಭದಿಂದ ಸಕ್ರಿಯ ಪದರದ ಅಂತರರಾಷ್ಟ್ರೀಯ ವೀಕ್ಷಣಾ ಜಾಲವೊಂದು ಕೆಲಸ ಮಾಡುತ್ತಿದೆ. ವಿಧಾನ ಸರಳ: ತೆಳು ಲೋಹದ ಸಲಾಕೆಯನ್ನು ಹೆಪ್ಪುಗಟ್ಟಿದ ಮಣ್ಣು ತಾಗುವವರೆಗೆ ಒತ್ತಿ, ನೆಲಮಟ್ಟದಿಂದ ಆಳವನ್ನು ಗುರುತಿಸಿಕೊಳ್ಳುವುದು.

ಒಂದು ಕಡೆ ಈ ಆಳ 50 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಕೆಳಗೇ 10 ಸೆಂಟಿಮೀಟರ್ ದಪ್ಪದ ಶುದ್ಧ ಮಂಜುಗಡ್ಡೆಯ ಹಾಸು ಇದೆ. ಅದು ಕರಗಿ ನೀರು ಹರಿದುಹೋದರೆ ಮೇಲಿನ ಮಣ್ಣು 10 ಸೆಂಟಿಮೀಟರ್ ಕೆಳಗೆ ಕೂರುತ್ತದೆ. ಮುಂದಿನ ವರ್ಷ ಚುಚ್ಚಿದ ಸಲಾಕೆ ಮತ್ತೆ 50 ಎಂದೇ ತೋರಿಸುತ್ತದೆ. ಹೆಪ್ಪುನೆಲ 10 ಸೆಂಟಿಮೀಟರ್ ನಷ್ಟವಾಗಿದೆ, ದಾಖಲೆಯಲ್ಲಿ ಬದಲಾವಣೆ ಸೊನ್ನೆ. ಸಲಾಕೆ ಹಿಡಿದವರೂ ನೆಲದ ಜೊತೆಗೇ ಇಳಿದಿರುವುದರಿಂದ ಅವರಿಗೆ ಇದು ಗೊತ್ತಾಗುವುದಿಲ್ಲ.

3. ಆಕಾಶದಿಂದ ಕಂಡ ಇಳಿತ

ಇದು ಬರೀ ಊಹೆಯಲ್ಲ ಎಂದು ತೋರಿಸಿದ್ದು ಲಿನ್ ಲಿಯು, ಟಿಂಗ್‌ಜುನ್ ಜಾಂಗ್ ಮತ್ತು ಜಾನ್ ವಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅಲಾಸ್ಕದ ಉತ್ತರ ಅಂಚಿನ ಪ್ರುಡೋ ಬೇ ಸುತ್ತಲಿನ ಟಂಡ್ರಾವನ್ನು 1992ರಿಂದ 2000ದವರೆಗೆ ಇಆರ್‌ಎಸ್ ಉಪಗ್ರಹಗಳು ತೆಗೆದ ರೇಡಾರ್ ಚಿತ್ರಗಳಲ್ಲಿ ಅವರು ಪರಿಶೀಲಿಸಿದರು. ಒಂದೇ ಜಾಗದ ಎರಡು ಚಿತ್ರಗಳಲ್ಲಿ ಮರಳಿದ ಅಲೆಗಳ ಪ್ರಾವಸ್ಥೆಯನ್ನು ಹೋಲಿಸುವುದೇ ವ್ಯತಿಕರಣ ವಿಧಾನ. ಅಲೆ ಹೋಗಿ ಬರುವುದರಿಂದ, ನೆಲ ರೇಡಾರಿನ ದೃಷ್ಟಿರೇಖೆಯಲ್ಲಿ ಅರ್ಧ ತರಂಗಾಂತರದಷ್ಟು, ಅಂದರೆ ಇಲ್ಲಿ 2.8 ಸೆಂಟಿಮೀಟರ್, ಸರಿದರೆ ಪ್ರಾವಸ್ಥೆ ಒಂದು ಪೂರ್ಣ ಸುತ್ತು ತಿರುಗುತ್ತದೆ.

ಅವರಿಗೆ ಎರಡು ಬಗೆಯ ಇಳಿತ ಕಂಡಿತು. ಮೊದಲನೆಯದು ಪ್ರತಿ ಬೇಸಿಗೆಯ 1ರಿಂದ 4 ಸೆಂಟಿಮೀಟರ್. ಇದು ನಿರೀಕ್ಷಿತವೇ: ಮಂಜುಗಡ್ಡೆ ನೀರಿಗಿಂತ ಸುಮಾರು ಶೇ. 9ರಷ್ಟು ಹೆಚ್ಚು ಜಾಗ ಹಿಡಿಯುತ್ತದೆ. 50 ಸೆಂಟಿಮೀಟರ್ ಪದರದಲ್ಲಿ ಅರ್ಧ ನೀರಿದ್ದರೆ, ಕರಗಿದಾಗ ನೆಲ ಸುಮಾರು ಎರಡೂಕಾಲು ಸೆಂಟಿಮೀಟರ್ ತಗ್ಗಬೇಕು. ಚಳಿಗಾಲ ಅದನ್ನು ಮತ್ತೆ ಎತ್ತುತ್ತದೆ. ಎರಡನೆಯದು ಮರಳಿ ಏರದ ಇಳಿತ: ದಶಕಕ್ಕೆ 1ರಿಂದ 4 ಸೆಂಟಿಮೀಟರ್. ಹತ್ತಿರದ ವೀಕ್ಷಣಾ ತಾಣಗಳಲ್ಲಿ ಸಲಾಕೆಯ ದಾಖಲೆ ಅದೇ ಅವಧಿಯಲ್ಲಿ ಎದ್ದುಕಾಣುವ ಬದಲಾವಣೆಯನ್ನೇನೂ ತೋರಿಸಿರಲಿಲ್ಲ. ಹೆಪ್ಪುನೆಲದ ನೆತ್ತಿಯಲ್ಲಿದ್ದ ಮಂಜುಗಡ್ಡೆ ಕರಗಿರುವುದೇ ಇದಕ್ಕೆ ಕಾರಣವಿರಬೇಕು ಎಂದು ಅಧ್ಯಯನಕಾರರು ವಿವರಿಸಿದರು. ಎರಡೂ ಉಪಕರಣಗಳು ಸರಿಯಾಗಿಯೇ ಅಳೆದಿದ್ದವು. ಅಳತೆಯ ಮೂಲ ಬೇರೆಯಾಗಿತ್ತು.

ಇದೇ ನಾಡಿನ ಇನ್ನೊಂದು ಘಟನೆ ಈ ವಾದಕ್ಕೆ ಬಲ ಕೊಡುತ್ತದೆ. 2007ರಲ್ಲಿ ಅನಕ್ಟುವುಕ್ ನದಿಯ ಬಳಿ ಸುಮಾರು 1,000 ಚದರ ಕಿಲೋಮೀಟರ್ ಟಂಡ್ರಾ ಸುಟ್ಟುಹೋಯಿತು. ಹೆಪ್ಪುನೆಲಕ್ಕೆ ಕಂಬಳಿಯಂತಿದ್ದ ಸಸ್ಯಪದರವೂ ಬೆಂದಿತು. ಬೆಂಜಮಿನ್ ಜೋನ್ಸ್ ಮತ್ತು ಸಂಗಡಿಗರು 2009 ಹಾಗೂ 2014ರಲ್ಲಿ ವಿಮಾನದಿಂದ ಪಡೆದ ಲೈಡಾರ್ ಎತ್ತರಗಳನ್ನು ಒಂದರಿಂದೊಂದು ಕಳೆದು ನೋಡಿದಾಗ, ಸುಟ್ಟ ಭಾಗದ ಶೇ. 34ರಷ್ಟು ನೆಲ ತಗ್ಗಿತ್ತು. ಸುಡದ ಅಂಥದೇ ನೆಲದಲ್ಲಿ ತಗ್ಗಿದ್ದು ಶೇ. 1ಕ್ಕಿಂತ ಕಡಿಮೆ.

4. ರೇಡಾರಿಗೂ ಬೇಕು ಒಂದು ಮೂಲ

ಹಾಗೆಂದು ರೇಡಾರ್ ಅಂತಿಮ ಸಾಕ್ಷಿಯಲ್ಲ. ವ್ಯತಿಕರಣ ವಿಧಾನ ಹೇಳುವುದು ಒಂದು ಬಿಂದು ಇನ್ನೊಂದಕ್ಕಿಂತ ಎಷ್ಟು ಸರಿಯಿತು ಎಂಬುದನ್ನಷ್ಟೇ. ಅದಕ್ಕೂ ಕದಲದ ಆಧಾರಬಿಂದು ಬೇಕು. ಬಂಡೆ ಕಾಣದ ಬಯಲಿನಲ್ಲಿ ನದಿಪಾತ್ರದ ಜಲ್ಲಿನೆಲವನ್ನು ಸ್ಥಿರವೆಂದು ಹಿಡಿಯುವುದುಂಟು. ಆ ಊಹೆ ತಪ್ಪಿದರೆ ಇಡೀ ನಕ್ಷೆಯೇ ಓರೆಯಾಗುತ್ತದೆ. ಮಣ್ಣಿನ ತೇವ ಬದಲಾದರೂ ಪ್ರಾವಸ್ಥೆ ಬದಲಾಗುತ್ತದೆ. ಗಾಳಿಯ ನೀರಾವಿ ಅಲೆಯನ್ನು ತಡಮಾಡುತ್ತದೆ. ಹಿಮ ಬಿದ್ದರೆ ಚಿತ್ರಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಯಾಕುತಿಯಾದ ಬಟಗಾಯ್ ಕುಸಿತದಂತೆ ನೆಲ ಗೋಡೆಗೋಡೆಯಾಗಿ ಕಳಚಿಬೀಳುವಲ್ಲಿ ಸೆಂಟಿಮೀಟರಿನ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲಿ ಬೇಕಾದದ್ದು ವರ್ಷಾನುವರ್ಷದ ಬೆಳಕಿನ ಚಿತ್ರಗಳು ಮತ್ತು ಎತ್ತರದ ನಕ್ಷೆಗಳು.

ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಾಸಾ–ಇಸ್ರೊ ಜಂಟಿ ಉಪಗ್ರಹ ನಿಸಾರ್ ಇಲ್ಲಿ ಪ್ರಸ್ತುತವಾಗುತ್ತದೆ. ಅದರ ಎಲ್-ಬ್ಯಾಂಡ್ ತರಂಗಾಂತರ ಸುಮಾರು 24 ಸೆಂಟಿಮೀಟರ್. ಪೊದೆ, ಹುಲ್ಲುಗಳ ಅಡ್ಡಿ ಅದಕ್ಕೆ ಕಡಿಮೆ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುವುದರಿಂದ ಒಂದು ಬೇಸಿಗೆಯ ಇಳಿತವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಬಹುದು. ಇದಕ್ಕೆ ತೆರುವ ಬೆಲೆಯೂ ಇದೆ: ಉದ್ದ ಅಲೆಯನ್ನು ಅಯಾನುಗೋಳ ಹೆಚ್ಚು ಕಾಡುತ್ತದೆ, ಧ್ರುವದ ನೆತ್ತಿಯಲ್ಲಂತೂ ಅದರ ಕಾಟ ಜೋರು.

5. ಉಪಸಂಹಾರ

ಸಕ್ರಿಯ ಪದರದ ಆಳ ಬದಲಾಗಿಲ್ಲ ಎಂಬ ದಾಖಲೆಯನ್ನು ಹೆಪ್ಪುನೆಲ ಸುರಕ್ಷಿತವಾಗಿದೆ ಎಂದು ಓದುವುದು ತಪ್ಪು. ನೆಲ ತಗ್ಗಿದೆ ಎಂಬ ರೇಡಾರ್ ನಕ್ಷೆಯೊಂದನ್ನೇ ನೋಡಿ ಎಷ್ಟು ಕರಗಿತು ಎಂದು ತೀರ್ಮಾನಿಸುವುದೂ ತಪ್ಪು. ಹೋದದ್ದು ಮಂಜುಗಡ್ಡೆಯೋ ತೇವವೋ ಎಂಬುದು ಮಣ್ಣನ್ನು ಬಗೆದಾಗಲೇ ಖಚಿತ. ಎರಡನ್ನೂ ಕೂಡಿಸಬಲ್ಲ ಉಪಾಯ ದುಬಾರಿಯದಲ್ಲ. ಪ್ರತಿ ವೀಕ್ಷಣಾ ತಾಣದಲ್ಲಿ ಹೆಪ್ಪುನೆಲದ ಆಳಕ್ಕೆ ಭದ್ರವಾಗಿ ನೆಟ್ಟ ಕಂಬವೊಂದಿರಲಿ. ಸಲಾಕೆಯ ಆಳದ ಪಕ್ಕದಲ್ಲಿ, ಆ ಕಂಬದಿಂದ ನೆಲಮಟ್ಟ ಎಷ್ಟು ಇಳಿದಿದೆ ಎಂಬ ಎರಡನೆಯ ಅಂಕಿಯೂ ದಾಖಲಾಗಲಿ. ಸಲಾಕೆಗೆ ಇಲ್ಲದಿದ್ದ ಮೂಲ ಆಗ ಸಿಗುತ್ತದೆ. ರೇಡಾರಿಗೆ ಬೇಕಿದ್ದ ಆಧಾರಬಿಂದುವೂ ಅದೇ ಆಗುತ್ತದೆ.