ಸರ್ಕಾರಿ ಖರೀದಿ: ಸಣ್ಣ ಸಂಸ್ಕರಣಾ ಘಟಕಗಳಿಗೆ ಸಲಹೆಗಳು

2012ರ ಸಾರ್ವಜನಿಕ ಖರೀದಿ ನೀತಿ ಆದೇಶದನ್ವಯ ಕೇಂದ್ರ ಸರ್ಕಾರದ ಇಲಾಖೆಗಳು ಹಾಗೂ ಉದ್ಯಮಗಳು ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕಾಗಿದೆ. ಸಿರಿಧಾನ್ಯದ ಹಿಟ್ಟು, ಎಣ್ಣೆ ಮುಂತಾದವುಗಳನ್ನು ತಯಾರಿಸುವವರು ಇದರ ಪ್ರಯೋಜನ ಪಡೆಯಬಹುದು.

• ಮೊದಲು ಉಚಿತವಾದ ಉದ್ಯಮ್ ನೋಂದಣಿ ಮಾಡಿಸಿ, ಅನಂತರ ಜೆಮ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಕೇವಲ ಬೆಳೆ ಬೆಳೆಯುವುದಕ್ಕೆ ಉದ್ಯಮ್ ಅನ್ವಯಿಸದು, ಸಂಸ್ಕರಣೆಗೆ ಅನ್ವಯಿಸುತ್ತದೆ. ಆಹಾರ ಪದಾರ್ಥಗಳಿಗೆ ಎಫ್.ಎಸ್.ಎಸ್.ಎ.ಐ. ನೋಂದಣಿ ಅಥವಾ ಪರವಾನಗಿ ಕಡ್ಡಾಯ.

• ಅರ್ಹ ಘಟಕಗಳಿಗೆ ಟೆಂಡರ್ ದಾಖಲೆ ಉಚಿತ, ಮುಂಗಡ ಠೇವಣಿಯಿಂದ (ಇ.ಎಂ.ಡಿ.) ವಿನಾಯಿತಿಯಿದೆ.

• ದೊಡ್ಡ ಸಂಸ್ಥೆಯ ಕನಿಷ್ಠ ದರಕ್ಕಿಂತ ನಿಮ್ಮ ದರ ಶೇ. 15ರ ಮಿತಿಯೊಳಗೆ ಹೆಚ್ಚಿದ್ದಲ್ಲಿ, ಅದೇ ದರಕ್ಕೆ ಇಳಿಸಲೊಪ್ಪಿ ಟೆಂಡರ್ ಮೌಲ್ಯದ ಕನಿಷ್ಠ ಶೇ. 25ರಷ್ಟನ್ನು ಪೂರೈಸುವ ಅವಕಾಶವಿದೆ.

• ಸರಕು ಸ್ವೀಕೃತವಾದ ನಂತರ ಹಣ ಪಾವತಿಗೆ ಕಾನೂನಿನ ಗರಿಷ್ಠ ಅವಧಿ 45 ದಿನಗಳು.

ಎಚ್ಚರಿಕೆ: ಕಚ್ಚಾ ಧಾನ್ಯ, ಪ್ಯಾಕಿಂಗ್, ಸಾಗಣೆ ವೆಚ್ಚಗಳನ್ನು ಲೆಕ್ಕ ಹಾಕದೆ ದರ ಇಳಿಸಬೇಡಿ. ಒಪ್ಪಿದ ದರದಲ್ಲಿ ಪೂರೈಸಲಾಗದಿದ್ದರೆ ದಂಡದ ಜೊತೆಗೆ ಮುಂದಿನ ಟೆಂಡರ್‌ಗಳ ಅವಕಾಶವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.