ಮೈಸೂರಿನ ರೋಡ್‌ಕಿಂಗ್, ಬಳ್ಳಾರಿಯ ಪಾನಾ: ಕಂಪನಿ ಮುಚ್ಚಿದ ಮೇಲೂ ಓಡಿದ ಬೈಕಿನ ಕಥೆ

ಈ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಒಂದು ಬೈಕ್ ಕಂಪನಿ ಬಾಗಿಲು ಹಾಕಿ ಸುಮಾರು 30 ವರ್ಷ ಆಯ್ತು. ಶೋರೂಮ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ, ಗ್ಯಾರಂಟಿ ಕೊಡೋರು ಯಾರೂ ಇಲ್ಲ. ಆದರೂ ಬಳ್ಳಾರಿಯಲ್ಲಿ, ಕುರುಗೋಡಲ್ಲಿ, ಸಿರುಗುಪ್ಪದ ಕಡೆ ಹಳ್ಳಿಗಳಲ್ಲಿ ಆ ಬೈಕ್ ಈಗಲೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತೆ. ಹಾಗಾದರೆ ಅದನ್ನ ಇಷ್ಟು ವರ್ಷ ಬದುಕಿಸಿದ್ದು ಯಾರು? ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದರ ಉತ್ತರವನ್ನ ಸ್ವಲ್ಪ ಲೆಕ್ಕದ ಪುಸ್ತಕದಲ್ಲೂ ಹುಡುಕ್ತೀನಿ, ಸಹಿಸಿಕೊಳ್ರಿ.

ಈಗ ಹುಡುಗರ ಬಾಯಲ್ಲಿ ‘ಸ್ಪೋರ್ಟ್ ಟೂರಿಂಗ್’ ಅನ್ನೋ ಮಾತು ಜೋರಾಗಿ ಓಡ್ತಾ ಇದೆ. ಅರ್ಥ ಸರಳ. ವೇಗವಾಗಿ ಹೋಗಬೇಕು, ತಿರುವಿನಲ್ಲಿ ನಂಬಿಕೆ ಕೊಡಬೇಕು, ಅದೇ ಬೈಕಿನ ಮೇಲೆ ಸಾಮಾನು ಹೇರಿಕೊಂಡು ದಿನಕ್ಕೆ 400-500 ಕಿ.ಮೀ. ಓಡಿಸಿದರೂ ಸೊಂಟ ಹಿಡ್ಕೋಬಾರದು. 1976ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಆರ್100ಆರ್‌ಎಸ್ ಅನ್ನೋ ಬೈಕ್ ತಂದಿತು. 980 ಸಿಸಿ, 70 ಅಶ್ವಶಕ್ತಿ, ಮುಂದೆ ಗಾಳಿ ತಡೆಯೋಕೆ ಪೂರ್ತಿ ಕವಚ. ಈ ಜಾತಿಯ ಬೈಕುಗಳ ಇತಿಹಾಸ ಹೇಳೋರು ಅದನ್ನ ಬಿಟ್ಟು ಮುಂದೆ ಹೋಗಲ್ಲ. ಅದಾಗಿ ಎರಡೇ ವರ್ಷಕ್ಕೆ, 1978ರಲ್ಲಿ, ನಮ್ಮ ಮೈಸೂರಿನಿಂದ ಒಂದು ಬೈಕ್ ಹೊರಬಂತು: ಯೆಜ್ಡಿ ರೋಡ್‌ಕಿಂಗ್. 250 ಸಿಸಿ ವರ್ಗ, 16 ಅಶ್ವಶಕ್ತಿ. ಕವಚ ಇಲ್ಲ, ಸೈಡ್ ಬಾಕ್ಸ್ ಇಲ್ಲ. ಕಾಗದದ ಮೇಲೆ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ನಮ್ಮ ರಸ್ತೆಗೆ, ನಮ್ಮ ಜೇಬಿಗೆ ಸ್ಪೋರ್ಟ್ ಟೂರರ್ ಅಂದರೆ ಅದೇ ಆಗಿತ್ತು ಅಂತ ನನ್ನ ವಾದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಜಾವಾ ಅನ್ನೋದು ಜೆಕೊಸ್ಲೊವಾಕಿಯಾದ ಹೆಸರು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಇಟ್ಟಿದ್ದು. ಮುಂಬೈನ ಇರಾನಿ ಕುಟುಂಬ ಈ ಬೈಕುಗಳನ್ನ ಇಲ್ಲಿಗೆ ತರಿಸಿ ಮಾರುತ್ತಿತ್ತು. ವಿದೇಶಿ ಬೈಕ್ ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ, ಇಲ್ಲೇ ತಯಾರಿಸೋಣ ಅಂತ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಮೈಸೂರಿಗೆ ಬಂದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವೂ ಸಿಕ್ಕಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರೋಕೆ ಶುರುವಾದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು.

ಬಳ್ಳಾರಿಯವರಿಗೆ ಇಲ್ಲೊಂದು ಸ್ವಾರಸ್ಯ ಇದೆ. ನಮ್ಮೂರು ಮದ್ರಾಸ್ ಕಡೆಯಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅದಾಗಿ ಎಂಟು ವರ್ಷಕ್ಕೆ ‘ನಮ್ಮ ರಾಜ್ಯದ ಬೈಕ್’ ಅಂತ ಹೇಳ್ಕೊಳ್ಳೋಕೆ ಒಂದು ಸಿಕ್ಕಿತು. ಇವತ್ತಿಗೂ ನಕಾಶೆ ತೆಗೆದು ನೋಡ್ರಿ: ಜೇವರ್ಗಿಯಿಂದ ಹೊರಡೋ 150ಎ ಹೆದ್ದಾರಿ ಸಿರುಗುಪ್ಪ ದಾಟಿ, ಬಳ್ಳಾರಿ ದಾಟಿ, ಹಿರಿಯೂರಿನ ಮೇಲೆ ಇಳಿದು ಮೈಸೂರಿಗೆ ಹೋಗಿ ಚಾಮರಾಜನಗರ ಸೇರುತ್ತೆ. ಬೈಕ್ ಹುಟ್ಟಿದ ಊರು, ಬೈಕ್ ಬದುಕಿದ ಊರು ಎರಡೂ ಒಂದೇ ರಸ್ತೆಯ ಮೇಲಿವೆ.

ಈಗ ಯಂತ್ರಕ್ಕೆ ಬರೋಣ. ಜಾವಾ, ಯೆಜ್ಡಿಯಲ್ಲಿ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಒಂದೇ ಕಡ್ಡಿ. ಕಿಕ್ ಹೊಡೆದು, ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಆ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ. ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಬಳ್ಳಾರಿ ಧೂಳಿನಲ್ಲಿ ಚೈನ್ ಮುಚ್ಚಿರೋದು ಎಷ್ಟು ದೊಡ್ಡ ಉಪಕಾರ ಅಂತ ಬಿಚ್ಚು ಚೈನಿನ ಬೈಕ್ ಇಟ್ಟುಕೊಂಡೋರನ್ನ ಕೇಳ್ರಿ.

ಆದರೆ ಇದು ಟೂ ಸ್ಟ್ರೋಕ್. ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜತೆಗೇ ಬೆರೆತು ಹೋಗಬೇಕು. ಹಾಗಾಗಿ ಓಡಿಸೋ ರೀತಿಯೇ ಬೇರೆ. ಸಂಡೂರು ಗುಡ್ಡದಿಂದ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಸ್ತೀರಿ ಅಂತಿಟ್ಕೊಳ್ರಿ. ಚಕ್ರ ಎಂಜಿನ್ನನ್ನ ಜೋರಾಗಿ ತಿರುಗಿಸ್ತಾ ಇರುತ್ತೆ, ಒಳಗೆ ಪೆಟ್ರೋಲ್ ಹೋಗ್ತಿಲ್ಲ. ಪೆಟ್ರೋಲ್ ಇಲ್ಲ ಅಂದರೆ ಎಣ್ಣೆಯೂ ಇಲ್ಲ. ಬಿಸಿಲು 40 ಡಿಗ್ರಿ ದಾಟಿರೋ ದಿನ ಇದನ್ನೇ ಮಾಡಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಒಮ್ಮೆಗೇ ಜಾಮ್ ಆಗಬಹುದು. ಅದಕ್ಕೇ ಹಳಬರು ಇಳಿಜಾರಿನಲ್ಲೂ ನಡುನಡುವೆ ಒಂದು ಸಣ್ಣ ರೇಸ್ ಕೊಡ್ತಾರೆ, ಎಡಗೈ ಯಾವಾಗಲೂ ಕ್ಲಚ್ ಹತ್ತಿರ ಇಟ್ಟಿರ್ತಾರೆ. ನೋಡೋರಿಗೆ ಅದು ಶೋಕಿ. ಅವರು ಎಣ್ಣೆ ಕುಡಿಸ್ತಾ ಇರ್ತಾರೆ.

ನಮ್ಮ ನೆಲವೂ ಬೈಕಿಗೆ ಪಾಠ ಕಲಿಸುತ್ತೆ. ಸಿರುಗುಪ್ಪ ಕಡೆ ಎರೆಭೂಮಿ. ಮಳೆಗೆ ಊದಿಕೊಂಡು ಬೇಸಿಗೆಗೆ ಬಿರಿಯುತ್ತೆ, ಮೇಲಿನ ಡಾಂಬರು ಅಲೆಅಲೆಯಾಗುತ್ತೆ. ಅಲ್ಲಿ ಫೋರ್ಕ್ ಆಯಿಲ್ ತೆಳುವಾಗಿದ್ದರೆ ಮುಂದಿನ ಚಕ್ರ ಕುಣಿಯುತ್ತೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಅಲ್ಲಿ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದಷ್ಟು ಕಿ.ಮೀ.ವರೆಗೆ ತಾಳಲ್ಲ. ಕುರುಗೋಡಿನ ಬಂಡೆಗುಡ್ಡಗಳ ನಡುವೆ ಮಟಮಟ ಮಧ್ಯಾಹ್ನ ಓಡಿಸಿದರೆ ಬಿಸಿಲು ಮೇಲಿಂದಲೂ ಹೊಡೆಯುತ್ತೆ, ಕಲ್ಲಿನಿಂದಲೂ ಹೊಡೆಯುತ್ತೆ. ಮೈಸೂರಿನ ಹವೆಯಲ್ಲಿ ಕೂತು ಬರೆದ ಸರ್ವಿಸ್ ಲೆಕ್ಕ ಇಲ್ಲಿ ಹಾಗೇ ನಡೆಯಲ್ಲ.

ಕಂಪನಿಗೆ ಏನಾಯ್ತು? 1984-86ರ ಹೊತ್ತಿಗೆ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಸಾಲಾಗಿ ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಹಗುರ, ಕಡಿಮೆ ಪೆಟ್ರೋಲ್. ಹೊಲಕ್ಕೆ, ಆಫೀಸಿಗೆ ಹೋಗೋನಿಗೆ 250 ಸಿಸಿ ಯಾಕೆ ಬೇಕು? 1990ರ ದಶಕದಲ್ಲಿ ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಕಂಪನಿ ಹೈಕೋರ್ಟ್ ಮೂಲಕ ಸಮಾಪನೆಗೆ ಹೋಯಿತು.

ಈಗ ಲೆಕ್ಕದ ಪುಸ್ತಕ ತೆಗೀತೀನಿ. ಆದಾಯ ತೆರಿಗೆ ಲೆಕ್ಕದಲ್ಲಿ ಸ್ವಂತ ವ್ಯವಹಾರಕ್ಕೆ ಬಳಸೋ ಬೈಕಿಗೆ ವರ್ಷಕ್ಕೆ ಶೇ. 15 ಸವಕಳಿ, ಅದೂ ಉಳಿದ ಮೌಲ್ಯದ ಮೇಲೆ. 100 ರೂಪಾಯಿಯ ಬೈಕ್ 10 ವರ್ಷಕ್ಕೆ ಸುಮಾರು 20 ರೂಪಾಯಿ, 20 ವರ್ಷಕ್ಕೆ ಸುಮಾರು 4 ರೂಪಾಯಿ, 40 ವರ್ಷಕ್ಕೆ ಸುಮಾರು 15 ಪೈಸೆ. ಸೊನ್ನೆ ಮಾತ್ರ ಆಗಲ್ಲ. ರೋಡ್‌ಕಿಂಗ್ ಆ 15 ಪೈಸೆಯಲ್ಲಿ ಬದುಕಿದೆ.

ಕಾಲೇಜಿನಲ್ಲಿ ಇನ್ನೊಂದು ಪಾಠ ಇತ್ತು. ಇದ್ದದ್ದನ್ನ ಇದ್ದ ಹಾಗೆ ಇಡೋಕೆ ಮಾಡಿದ್ದು ರೆವಿನ್ಯೂ ಖರ್ಚು, ಇದ್ದದ್ದನ್ನ ಮೇಲಕ್ಕೆ ಏರಿಸೋಕೆ ಮಾಡಿದ್ದು ಕ್ಯಾಪಿಟಲ್ ಖರ್ಚು. ಒಂದು ರಿಪೇರಿ, ಒಂದು ಸುಧಾರಣೆ. ಪರೀಕ್ಷೆಯಲ್ಲಿ ಇದು ಸಲೀಸು. ಕೌಲ್ ಬಜಾರಿನ ಒಬ್ಬ ಹಿರಿಯ ಮೆಕ್ಯಾನಿಕ್ ಇದಾರೆ, ನಾನು ಅವರನ್ನ ಚಾಚಾ ಅಂತ ಕರೀತೀನಿ. ಅವರ ಅಂಗಡಿಯಲ್ಲಿ ಈ ಗೆರೆ ಅಳಿಸಿ ಹೋಗುತ್ತೆ. ಹಳೇ 6 ವೋಲ್ಟಿನ ದೀಪ ರಾತ್ರಿ ಹೆದ್ದಾರಿಗೆ ಸಾಲಲ್ಲ. 12 ವೋಲ್ಟಿಗೆ ಬದಲಾಯಿಸಿದರು. ಸಿಬಿ ಪಾಯಿಂಟ್ ಒಳ್ಳೇದು ಸಿಗ್ತಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಿದರು. ಸಿಲಿಂಡರ್ ಸವೆದಾಗ ಲೇತಿಗೆ ಕಳಿಸಿ 0.25, 0.50 ಮಿ.ಮೀ. ಹೀಗೆ ಒಂದೊಂದೇ ಸೈಜ್ ದೊಡ್ಡದು ಮಾಡಿ ಬೋರ್ ಹೊಡೆಸಿದರು; ಅದೂ ಮುಗಿದಾಗ ಸ್ಲೀವ್ ಹಾಕಿಸಿದರು. ಇದು ರಿಪೇರಿಯೋ, ಸುಧಾರಣೆಯೋ? ಕೇಳಿದೆ. “ನೋಡಪ್ಪಾ, ಪಾರ್ಟು ಸಿಕ್ಕಿದ್ರೆ ರಿಪೇರಿ. ಸಿಗ್ಲಿಲ್ಲಾಂದ್ರೆ ತಲೆ ಓಡಿಸ್ಬೇಕು, ಅಷ್ಟೇ” ಅಂದರು.

ತಲೆ ಓಡಿಸೋದೆಲ್ಲಾ ಒಳ್ಳೇದಕ್ಕೇ ಅಂತ ನಾನು ಹೇಳ್ತಿಲ್ಲ. ಸದ್ದು ಬರಲಿ ಅಂತ ಸೈಲೆನ್ಸರಿನ ಒಳಗಿನ ಜಾಲರಿ ಕೊಳವೆ ಕಿತ್ತು ಬಿಸಾಕೋರು ಆಗಲೂ ಇದ್ದರು, ಈಗಲೂ ಇದಾರೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಬರೀ ಸದ್ದು ತಡೆಯೋ ಡಬ್ಬಿ ಅಲ್ಲ. ಒಳಗಿನ ಒತ್ತಡ ಸರಿಯಾಗಿ ವಾಪಸ್ ಬಂದರೇನೇ ಎಳೆತ. ಜಾಲರಿಯಲ್ಲಿ ಕಟ್ಟಿದ ಮಸಿಯನ್ನ ಆಗಾಗ ಕೆರೆದು ತೆಗೀಬೇಕು, ಜಾಲರಿಯನ್ನೇ ತೆಗೀಬಾರದು. ಇನ್ನೊಂದು ಕಡೆ ಇದೇ ತಲೆ ಓಡಿಸೋ ಗುಣ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ಮೈಸೂರಿನಲ್ಲೇ ಉದಾಹರಣೆ ಇದೆ. ಸೋಮೇಂದರ್ ಸಿಂಗ್ ಅನ್ನೋರು ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಸಣ್ಣ ಗಾಡಿಗಳನ್ನ ಕೊರೆದು, ಇಂಧನ ಮತ್ತು ಗಾಳಿ ಚೆನ್ನಾಗಿ ಕಲಕೋ ಹಾಗೆ ಮಾಡೋ ವಿನ್ಯಾಸಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು.

ಕಾನೂನು ಈ ಎರಡನ್ನೂ ಒಂದೇ ಕಣ್ಣಲ್ಲಿ ನೋಡುತ್ತೆ, ತಕರಾರು ಇರೋದು ಇಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ ಸೇರಿತು. ಕಿವಿ ಕಿತ್ತುಹೋಗೋ ಸೈಲೆನ್ಸರಿಗೆ ಇದು ಬೇಕೇ ಬೇಕು. ಆದರೆ ತಯಾರಕರೇ ಇಲ್ಲದ ಬೈಕಿಗೆ ಮೂಲ ಪಾರ್ಟ್ ಎಲ್ಲಿಂದ ತರೋದು? ಹಾಗಂತ ಕಾನೂನು ತಪ್ಪಿಸಿ ಅಂತಲ್ಲ. ದೊಡ್ಡ ಕೆಲಸ ಮಾಡಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅನುಮತಿ ಬೇಕಾದ ಕಡೆ ಪಡೆದು ಮಾಡಿಸ್ರಿ. ಬಿಲ್ಲು ಇಟ್ಟುಕೊಳ್ರಿ.

ಒತ್ತಡ ಬೇರೆ ಕಡೆಯಿಂದಲೂ ಬರ್ತಾ ಇದೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆ ಶುಲ್ಕ 2,000 ರೂಪಾಯಿ. ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರ್ ಪೈಪು, ವಾಷರುಗಳನ್ನ ಮೆತ್ತಗೆ ಮಾಡುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ ನಿಲ್ಲಿಸ್ರಿ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತೆ. ಮೊದಲ ರೋಡ್‌ಕಿಂಗುಗಳಿಗೆ 2028ಕ್ಕೆ 50 ತುಂಬುತ್ತೆ. ಆದರೆ ವಿಂಟೇಜ್ ಅಂತ ನೋಂದಾಯಿಸಿದ ಬೈಕನ್ನ ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ. ಗೌರವ ಸಿಗುತ್ತೆ, ಓಡಾಟ ನಿಲ್ಲುತ್ತೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ವಾಪಸ್ ಬಂದಿವೆ. ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗೋ ಎಂಜಿನ್, ಒಳಗೆ ಸೆನ್ಸರ್. ಒಳ್ಳೆಯ ಬೈಕುಗಳೇ. ಆದರೆ ಹೆಸರು ವಾಪಸ್ ಬಂದಷ್ಟು ಸುಲಭಕ್ಕೆ ಚಾಚಾನ ಕೈಚಳಕ ವಾಪಸ್ ಬರಲ್ಲ. ಅವರ ಹತ್ತಿರ ಈಗ ಕಲಿಯೋಕೆ ಹುಡುಗರಿಲ್ಲ. ನಮ್ಮ ಬಿಸಿಲಿಗೆ ಯಾವ ಜೆಟ್, ಎಣ್ಣೆ ಎಷ್ಟು, ಪಿಸ್ಟನ್ನಿಗೆ ಎಷ್ಟು ಸಂದು ಬಿಡಬೇಕು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ, ಅವರ ಬೆರಳಲ್ಲಿದೆ. ಕಂಪನಿ ಸಮಾಪನೆ ಆದಾಗ ಜಾಗ, ಯಂತ್ರ, ಹೆಸರು ಎಲ್ಲದಕ್ಕೂ ಪಟ್ಟಿ ಆಗುತ್ತೆ. ಈ ಅಂಗಡಿ ಮುಚ್ಚಿದರೆ ಪಟ್ಟಿ ಮಾಡೋರು ಯಾರೂ ಬರಲ್ಲ.

ಅದಕ್ಕೇ ನಾನು ಒಂದು ರೂಲ್ಡ್ ನೋಟ್‌ಬುಕ್ ತಗೊಂಡು ಚಾಚಾ ಹೇಳೋದನ್ನ ಅಳತೆ ಸಮೇತ ಬರೆದಿಡ್ತಾ ಇದೀನಿ. ನಿಮ್ಮೂರಲ್ಲೂ ಇಂಥ ಒಬ್ಬ ಮೇಸ್ತ್ರಿ ಇರ್ತಾರೆ. ಮುಂದಿನ ಸಲ ಸರ್ವಿಸಿಗೆ ಬೈಕ್ ಬಿಟ್ಟಾಗ ಮೊಬೈಲ್ ನೋಡ್ತಾ ಕೂರಬೇಡ್ರಿ. ಪಕ್ಕದಲ್ಲಿ ನಿಂತು, ಯಾಕೆ ಹಾಗೆ ಮಾಡಿದ್ರಿ ಅಂತ ಕೇಳ್ರಿ, ಬರೆದಿಟ್ಕೊಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹೆಲ್ಮೆಟ್ ಹಾಕ್ಕೊಂಡು ಓಡಿಸ್ರಿ.